ಅಡುಗೆಮನೆಯ ಧೂಮಕೇತು

ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಇದನ್ನು ತಿಳಿಯಲು ಭೌತಶಾಸ್ತ್ರ ಓದಬೇಕಿಲ್ಲ. ಆದರೆ ಓದಿಯೂ ಮರೆಯಬಹುದೆಂಬುದನ್ನು ಆಸ್ಪತ್ರೆಯ ರಶೀದಿ ಕೌಂಟರಿನ ಗುಮಾಸ್ತ ಒಂದು ಭಾನುವಾರ ಸಾಧಿಸಿ ತೋರಿಸಿದ.

ಗುಮಾಸ್ತನಿಗೆ ಭೌತಶಾಸ್ತ್ರದ ಹುಚ್ಚು. ಬರವಿದ್ದದ್ದು ಕೇಳುವ ಕಿವಿಗಳಿಗೆ. ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲವೆಂದು ಸರದಿಯಲ್ಲಿ ನಿಂತವರಿಗೆ ವಿವರಿಸಹೋಗಿ ಬೈಸಿಕೊಂಡಿದ್ದ. ಅದು ಅವರಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಊಟದ ಡಬ್ಬಿ ತೆರೆದ ಮೇಜಿನಿಂದ ಸಹೋದ್ಯೋಗಿಗಳು ಬೆಳಕಿನ ವೇಗದಲ್ಲಿ ಏಳುತ್ತಿದ್ದರು. ಹೆಂಡತಿ ಮಾತ್ರ ಕೇಳುತ್ತಿದ್ದಳು, ಆಕಳಿಕೆ ಬರುವ ತನಕ.

ಹೀಗಿರುವಾಗ ಮೊಬೈಲಿನಲ್ಲಿ ಅವನಿಗೊಂದು ಸ್ವರ್ಗ ಸಿಕ್ಕಿತು: ಹವ್ಯಾಸಿ ಭೌತಶಾಸ್ತ್ರಜ್ಞರ ಬಳಗ. ಅಲ್ಲಿದ್ದವರೆಲ್ಲ ತಂತಮ್ಮ ಮನೆಯಲ್ಲಿ ಕೇಳುವವರಿಲ್ಲದೆ ಬಂದ ನಿರಾಶ್ರಿತರೇ. ಗುಮಾಸ್ತ 'ಧೂಮಕೇತು' ಎಂಬ ಹೆಸರಿಟ್ಟುಕೊಂಡು ಸೇರಿದ. ಹೆಸರು ಸರಿಯಾಗಿಯೇ ಇದೆಯೆಂದು ಹೆಂಡತಿ ಒಪ್ಪಿದಳು. ಅಲ್ಲಿಯೇ ಸಿಕ್ಕವನು 'ಕಪ್ಪುಕುಳಿ'. ಧೂಮಕೇತು ಬರೆದ ಪ್ರತಿ ಸಾಲನ್ನೂ ಓದಿ, ಪ್ರತಿ ಸಾಲಿಗೂ ಉಗಿಯುವ ಪುಣ್ಯಾತ್ಮ. ಜೀವಮಾನದಲ್ಲಿ ಯಾರೂ ಅವನ ಮಾತನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಕಪ್ಪುಕುಳಿ ಉಗಿಯದ ದಿನ ಗುಮಾಸ್ತನಿಗೆ ಊಟ ರುಚಿಸುತ್ತಿರಲಿಲ್ಲ.

ಆ ಭಾನುವಾರದ ಜಗಳ ಕೊಳಾಯಿ ನೀರಿನದು. ಧಾರೆ ಕೆಳಗಿಳಿಯುತ್ತ ಸಣ್ಣಗಾಗುವುದು ಸುತ್ತಲಿನ ಗಾಳಿ ಹಿಂಡುವುದರಿಂದ ಎಂದು ಧೂಮಕೇತು. ಬೀಳುತ್ತ ವೇಗ ಹೆಚ್ಚುವುದರಿಂದ, ಮೂರ್ಖ, ಎಂದು ಕಪ್ಪುಕುಳಿ. ವಿಡಿಯೋ ಹಾಕಿ ಎಂದು ಬಳಗ.

"ಇವತ್ತು ಅವನ ಬಾಯಿ ಮುಚ್ಚಿಸ್ತೀನಿ," ಎಂದು ಗುಮಾಸ್ತ ಇಕ್ಕಳ ಹಿಡಿದು ಅಡುಗೆಮನೆಗೆ ದಂಡೆತ್ತಿ ಹೋದ. ಕೊಳಾಯಿ ಬಾಯಿಯ ಜಾಲರಿ ಧಾರೆಯನ್ನು ನೊರೆ ಮಾಡುತ್ತಿತ್ತು, ಅದನ್ನು ಬಿಚ್ಚಬೇಕಿತ್ತು. ತಿರುಗಿಸಿದ. ಜಾಲರಿ ಜಗ್ಗಲಿಲ್ಲ. ಬಲವಾಗಿ ತಿರುಗಿಸಿದ. ಕೊಳಾಯಿಯೇ ಕೈಗೆ ಬಂತು. ಗೋಡೆಯಿಂದ ನೀರು ನೆಟ್ಟಗೆ ಅವನ ಎದೆಗೆ ಬಡಿಯಿತು.

ಹೆಂಡತಿ ಓಡಿಬಂದು ಕೊಳವೆಯ ಬಾಯಿಗೆ ಅಂಗೈ ಒತ್ತಿದಳು. ನೀರು ಬೆರಳ ಸಂದಿನಿಂದ ನಾಲ್ಕೂ ದಿಕ್ಕಿಗೆ ಚಿಮ್ಮಿತು.

"ರೀ, ವಾಲ್ವ್ ಎಲ್ಲಿದೆ?"

"ಇರು, ಕೇಳ್ತಿದೀನಿ."

"ಯಾರನ್ನ?"

"ಬಳಗದಲ್ಲಿ."

"ಅಲ್ಲಿ ಪ್ಲಂಬರ್ ಇದಾನಾ?"

"ಇಲ್ಲ. ಸಾಪೇಕ್ಷತೆ ಬಲ್ಲವರು ಮೂವರಿದಾರೆ."

ಮೂವರೂ ಉತ್ತರಿಸಿದರು. ಕೊಳವೆಯ ವ್ಯಾಸವೆಷ್ಟೆಂದು ಒಬ್ಬ ಕೇಳಿದ. ಮೊದಲು 'ನಿಲ್ಲಿಸುವುದು' ಎಂದರೇನೆಂದು ನಿಶ್ಚಯಿಸೋಣ ಎಂದ ಇನ್ನೊಬ್ಬ. ತುರ್ತು ಪ್ರಶ್ನೆ ಬಳಗದ ನಿಯಮಕ್ಕೆ ವಿರುದ್ಧ ಎಂದ ಮತ್ತೊಬ್ಬ. ನೀರು ಹೊಸ್ತಿಲು ದಾಟಿ ಹಜಾರಕ್ಕೆ ಕಾಲಿಟ್ಟಿತು.

ಅಷ್ಟರಲ್ಲಿ ಕಪ್ಪುಕುಳಿ ಒಂದು ಫೋಟೋ ಹಾಕಿದ. "ವಿಚಿತ್ರ. ನನ್ನ ಅಡುಗೆಮನೆಯ ಚಾವಣಿಯಿಂದಲೂ ಈಗಲೇ ನೀರು ತೊಟ್ಟಿಕ್ಕುತ್ತಿದೆ. ದೂರದ ಎರಡು ವ್ಯವಸ್ಥೆಗಳ ನಡುವೆ ಅಗೋಚರ ನಂಟು?"

"ನಿಮ್ಮಲ್ಲೂ? ಅದ್ಭುತ," ಎಂದು ಗುಮಾಸ್ತ ಒದ್ದೆ ಬೆರಳಲ್ಲಿ ಟೈಪಿಸುತ್ತಿದ್ದಾಗ ಬಾಗಿಲು ದಬದಬನೆ ಬಡಿಯಿತು.

ಕೆಳಗಿನ ಮನೆಯಾಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಯಾರನ್ನೂ ಏನೂ ಕೇಳದೆ ಬಾಗಿಲ ಹಿಂದಿನ ಮೂಲೆಗೆ ಕೈಹಾಕಿ ವಾಲ್ವ್ ತಿರುಗಿಸಿದಳು. ನೀರು ನಿಂತಿತು.

"ನಮ್ಮನೇಲೂ ಇಲ್ಲೇ ಇದೆ ಅಕ್ಕ," ಎಂದಳು. "ಬಕೆಟ್ ಇಡ್ರೀ ಅಂದ್ರೆ ನಮ್ಮೋರು ಚಾವಣಿ ಫೋಟೋ ತೆಗೀತಾ ನಿಂತಿದಾರೆ. ಅದೇನೋ ಬಳಗವಂತೆ, ಸುಡುಗಾಡು."

ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಗುಮಾಸ್ತನನ್ನು ನೋಡಿದರು. ಆಮೇಲೆ, ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ನಿಂತಿದ್ದ ಸಣಕಲು ಮನುಷ್ಯನನ್ನು. ವರ್ಷಗಳಿಂದ ಗಂಡಸರಿಬ್ಬರೂ ಅದೇ ಮೆಟ್ಟಿಲಲ್ಲಿ ತಲೆ ತಗ್ಗಿಸಿ, ಮೊಬೈಲ್ ನೋಡುತ್ತ, ಹೆಗಲಿಗೆ ಹೆಗಲು ತಾಗಿಸಿಕೊಂಡು ಹತ್ತಿ ಇಳಿದವರು.

"ಕಪ್ಪುಕುಳಿ?" ಎಂದ ಗುಮಾಸ್ತ.

"ಧೂಮಕೇತು?" ಎಂದ ಸಣಕಲ.

ಬದುಕಿಡೀ ಹುಡುಕಿದ ಕಿವಿ ಕಾಲ ಬುಡದಲ್ಲೇ ಇತ್ತು. ಈಗ ಎದುರಿಗೇ ನಿಂತಿತ್ತು. ಒಬ್ಬ ಗಂಟಲು ಸರಿಮಾಡಿಕೊಂಡ. ಇನ್ನೊಬ್ಬ ಗೋಡೆಯ ಬಣ್ಣ ಪರೀಕ್ಷಿಸಿದ. ಸಣಕಲ ಕೊನೆಗೆ "ಬರ್ತೀನಿ" ಎಂದು ಇಳಿದುಹೋದ.

ಬಾಗಿಲು ಹಾಕಿದ್ದೇ ತಡ ಗುಮಾಸ್ತನ ಮೊಬೈಲ್ ಮಿಣುಕಿತು. "ಭೇಟಿ ಸಂತೋಷ ತಂದಿತು. ಗಾಳಿ ಹಿಂಡುವುದಿಲ್ಲ, ಮೂರ್ಖ."

ಗುಮಾಸ್ತ ಒದ್ದೆ ಸೋಫಾದ ಮೇಲೆ ಕುಳಿತು, ಕಣ್ಣು ತುಂಬಿಕೊಂಡು, ಉತ್ತರ ಬರೆಯತೊಡಗಿದ. ಅಡುಗೆಮನೆಯಲ್ಲಿ ಹೆಂಗಸರಿಬ್ಬರು ನೆಲ ಒರೆಸುತ್ತ ಆಗಲೇ ಗಂಡಂದಿರನ್ನು ಅದಲು ಬದಲಾಗಿ ಬೈದು ಮುಗಿಸಿ, ಮಕ್ಕಳ ಶಾಲೆಯ ಸುದ್ದಿಗೆ ಬಂದಿದ್ದರು.

ನಕ್ಕಿರಿ ತಾನೇ? ಸಾಕು. ಜಗತ್ತಿನ ಮೂಲೆಮೂಲೆಯ ಅಪರಿಚಿತರ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುವ ಮಹನೀಯರು ನೀವು. ನಿಮ್ಮ ಪಕ್ಕದ ಮನೆಯವರಿಗೆ ಯಾವುದರ ಹುಚ್ಚು? ಗೊತ್ತಿಲ್ಲ. ಈ ಪುಟ ಮಡಚಿಡಿ. ಎದ್ದು ಹೋಗಿ, ಬಾಗಿಲು ತಟ್ಟಿ, ಬಾಯಿಬಿಟ್ಟು ಕೇಳಿ.