ಸೂಟ್‌ಕೇಸು ಜೋಪಾನ

ರೈಲಿನಲ್ಲಿ ಸಾಮಾನು ಕಳೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಸಾಮಾನು ಜೋಪಾನ ಮಾಡಲು ಹೋಗಿ ಮಾನ ಕಳೆದುಕೊಳ್ಳುವುದು ಮಾತ್ರ ನನ್ನ ಹಣೆಬರಹ, ಅದೂ ಒಂದು ಸಲಕ್ಕೆ ಮುಗಿಯಲಿಲ್ಲ.

ನಾನು ಮೈಸೂರಿನ ನಜರ್‌ಬಾದಿನ ಒಂದು ಪ್ರೆಸ್ಸಿನಲ್ಲಿ ಬೈಂಡರ್. ಮದ್ರಾಸು ಇನ್ನೂ ಚೆನ್ನೈ ಆಗಿರದ ಕಾಲದಲ್ಲಿ ನನ್ನ ಹೆಂಡತಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಯಿತು. ಹೊಟ್ಟೆಯಲ್ಲಿ ಗಡ್ಡೆ. ಅವಳು ಅಲ್ಲೇ ತನ್ನ ತಂಗಿಯ ಮನೆಯಲ್ಲಿ ಉಳಿದಳು. ನಮಗೆ ಮಕ್ಕಳಿಲ್ಲ, ನನಗೆ ರಜೆಯಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಒಬ್ಬನೇ ಗಾಡಿ ಹತ್ತುತ್ತಿದ್ದೆ. ಅವಳನ್ನು ಮನೆಗೆ ಕರೆದುಕೊಂಡು ಬರುವುದೊಂದೇ ನನ್ನ ತಲೆಯಲ್ಲಿತ್ತು. ಅವಳ ತಲೆಯಲ್ಲಿದ್ದದ್ದು ನನ್ನ ಪ್ರಯಾಣ.

"ನಿದ್ದೆ ಬಂದ್ರೆ ನಿಮಗೆ ಲೋಕದ ಮೇಲೆ ಗ್ಯಾನ ಇರಲ್ಲ. ಸೂಟ್‌ಕೇಸು ಜೋಪಾನ ಕಣ್ರೀ" ಅನ್ನುತ್ತಿದ್ದಳು.

ಕಸುಬಿನ ಗಂಟು

ಮೊದಲ ಸಲ, ಮೈಸೂರಿನಲ್ಲಿ ತೆಗೆಸಿದ್ದ ಅವಳ ರಿಪೋರ್ಟು, ಎಕ್ಸ್‌ರೇ ಎಲ್ಲ ನನ್ನ ಸೂಟ್‌ಕೇಸಿನಲ್ಲಿದ್ದವು. ಅದರ ಬೀಗ ಕೆಟ್ಟಿತ್ತು. ಪ್ರೆಸ್ಸಿನಿಂದ ಪುಸ್ತಕ ಹೊಲಿಯುವ ದಾರ ತಂದು, ಮೇಣ ತಿಕ್ಕಿ, ಉದ್ದಕ್ಕೆ ಆರು ಸುತ್ತು, ಅಡ್ಡಕ್ಕೆ ಆರು ಸುತ್ತು ಬಿಗಿದು ನಮ್ಮ ಕಸುಬಿನ ಗಂಟು ಹಾಕಿದೆ. ಅದು ಬಿಚ್ಚುವುದಕ್ಕೆಂದು ಹಾಕುವ ಗಂಟಲ್ಲ. ಪುಸ್ತಕ ಹರಿದರೂ ಅದು ಸಡಿಲವಾಗಬಾರದು.

ಮರುದಿನ ಡಾಕ್ಟರು "ರಿಪೋರ್ಟ್ ಕೊಡಿ" ಅಂದಾಗ ಈ ಸಂಗತಿ ನೆನಪಾಯಿತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಹೊರಗೆ ಜನ ಕಾಯುತ್ತಿದ್ದರು. ಕೊನೆಗೆ ನರ್ಸಮ್ಮ ಕತ್ತರಿ ತಂದರು. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ, ನೋಡಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಡಾಕ್ಟರು ಕೋಲಾರದ ಕಡೆಯವರು, ಕನ್ನಡ ಬಲ್ಲವರು. ದಾರದ ತುಂಡನ್ನು ಎಳೆದು ನೋಡಿ, "ಇವರ ಆಪರೇಷನ್ ಆದ್ಮೇಲೆ ಹೊಲಿಗೆ ಹಾಕೋಕೆ ನಿಮ್ಮನ್ನೇ ಕರೀತೀನಿ" ಅಂದರು.

ಸರಪಳಿ

ಇನ್ನು ದಾರ ಬೇಡ, ಸರಪಳಿ ತಗೊಳ್ಳಿ ಎಂದು ಅವಳ ಅಪ್ಪಣೆಯಾಯಿತು. ಮುಂದಿನ ಸಲ ಸರಪಳಿ, ಬೀಗ ಎರಡನ್ನೂ ಕೊಂಡೆ. ಗಾಡಿ ಹತ್ತಿದವನೇ ಸೀಟಿನ ಕೆಳಗೆ ತಲೆ ತೂರಿಸಿ, ಕೈಗೆ ಸಿಕ್ಕ ಹಿಡಿಗೆಲ್ಲ ಸರಪಳಿ ಪೋಣಿಸಿ, ಕಬ್ಬಿಣದ ಕೊಂಡಿಗೆ ಸೇರಿಸಿ ಬೀಗ ಒತ್ತಿದೆ.

ಮಂಡ್ಯದಲ್ಲಿ ಎದುರಿಗಿದ್ದ ಯಜಮಾನರು ಇಳಿಯಲು ಎದ್ದು ತಮ್ಮ ತಗಡಿನ ಟ್ರಂಕು ಎಳೆದರು. ಅದರ ಜೊತೆ ನನ್ನ ಸೂಟ್‌ಕೇಸೂ ಒಂದು ಗೇಣು ಬಂದು, ಸರಪಳಿ ಬಿಗಿದು ನಿಂತಿತು. ಎರಡಕ್ಕೂ ಸೇರಿಸಿ ಬೀಗ ಹಾಕಿದ್ದೆ. ಬೀಗದ ಕೈಗೆ ಜೇಬು ತಡಕಿದೆ. ಎರಡು ಕೈ ಕೊಟ್ಟಿದ್ದ ಅಂಗಡಿಯವನು. ಒಂದು ಕಳೆದರೆ ಇರಲಿ ಎಂದು ಒಂದನ್ನು ದೇವರ ಮನೆಯಲ್ಲಿ ಭದ್ರವಾಗಿ ಇಟ್ಟಿದ್ದೆ. ಇನ್ನೊಂದನ್ನೂ ಅದರ ಜೊತೆಗೇ ಇಟ್ಟಿದ್ದೆ.

ಗಾಡಿ ಹೊರಟೇಬಿಟ್ಟಿತು. ಮದ್ದೂರಿನಲ್ಲಿ ಒಬ್ಬ ಪೋರ್ಟರ್ ಕಲ್ಲು ತಂದು ಬೀಗ ಒಡೆದ. ಟ್ರಂಕು ಹೆಗಲಿಗೇರಿಸಿಕೊಂಡ ಯಜಮಾನರು ಬೈಯಲಿಲ್ಲ. "ಕಳ್ಳ ಆಗಿದ್ರೆ ಪೆಟ್ಗೆ ಒಂದ್ನೇ ಎತ್ಕೊಂಡೋಗೋನು. ನೀವು ನನ್ನೂ ಸೇರ್ಸಿ ಎತ್ಕೊಂಡ್ ಬಂದ್ಬುಟ್ರಲ್ಲ ಸ್ವಾಮಿ" ಅಂದರು.

ರಸಬಾಳೆ

ಆಪರೇಷನ್ ಆಯಿತು. ಆದರೆ ಅವಳು ದಿನೇ ದಿನೇ ಇಳಿದು ಹೋಗುತ್ತಿದ್ದಳು. "ಬಾಯೆಲ್ಲ ಕಹಿ ಕಣ್ರೀ. ಒಂದು ರಸಬಾಳೆ ಹಣ್ಣು ತಿನ್ಬೇಕು" ಎಂದಳು. ಅವಳಾಗಿ ಒಂದು ಕೇಳಿದ್ದು ಅದೇ ಮೊದಲು.

ಮುಂದಿನ ಸಲ ಹೊರಡುವ ಮುಂಚೆ ಮೈಸೂರಿನ ಮಾರ್ಕೆಟ್ಟೆಲ್ಲ ಸುತ್ತಿ ನಂಜನಗೂಡಿನ ರಸಬಾಳೆ ಒಂದು ಚಿಪ್ಪು ತಂದೆ. ಸೂಟ್‌ಕೇಸು ಹೋದರೆ ಹೋಗಲಿ, ಇದು ಹೋಗಕೂಡದು ಎಂದು ಹಣ್ಣಿನ ಚೀಲವನ್ನು ತಲೆದಿಂಬು ಮಾಡಿಕೊಂಡೆ. ಮದ್ರಾಸು ತಲುಪುವಾಗ ಕಳುವೇನೂ ಆಗಿರಲಿಲ್ಲ. ಚೀಲದೊಳಗೆ ಬರೀ ಪಾಯಸವಿತ್ತು. ನನ್ನ ಕೂದಲಿಗೂ ಅದರದೇ ಪರಿಮಳ.

ನಾಚಿಕೆಯಿಂದ ಚೀಲವನ್ನು ಹಿಂದೆ ಬಚ್ಚಿಟ್ಟುಕೊಂಡು ನಿಂತೆ. ಅವಳ ತಂಗಿ ಅದನ್ನು ಕಿತ್ತುಕೊಂಡು ಬಟ್ಟಲಿಗೆ ಬಗ್ಗಿಸಿದಳು. ಆ ವಾರದಿಂದ ನನ್ನ ಹೆಂಡತಿಗೆ ಗಟ್ಟಿ ಪದಾರ್ಥ ಇಳಿಯುತ್ತಲೇ ಇರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಮೂರು ಚಮಚ ತಿಂದಳು. ತುಟಿ ಒರೆಸಿಕೊಂಡು, "ಇಷ್ಟು ವರ್ಷಕ್ಕೆ ನಿಮ್ಮ ತಲೆ ಒಂದು ಉಪಯೋಗಕ್ಕೆ ಬಂತು ಬುಡಿ" ಅಂದಳು. ನಾನು ನಕ್ಕೆ. ಆಮೇಲೆ ಹೊರಗೆ ನಲ್ಲಿಯ ಹತ್ತಿರ ತಲೆ ತೊಳೆಯುವ ನೆಪದಲ್ಲಿ ಚೆನ್ನಾಗಿ ಅತ್ತೆ.

ಗುರುತು

ಮುಂದಿನ ಹದಿನೈದು ದಿನಕ್ಕೆ ಅವಳು ಇರಲಿಲ್ಲ. ಕಾರ್ಯವೆಲ್ಲ ಅಲ್ಲೇ ಮುಗಿಸಿ, ಅವಳ ಬ್ಯಾಗು ಒಂದನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿಗೆ ಬಂದೆ. ದಾರಿಯುದ್ದಕ್ಕೂ ಅದರ ಮೇಲಿನ ಕೈ ತೆಗೆಯಲಿಲ್ಲ. ಮನೆ ಸೇರಿದ ಮೇಲೆ ನೋಡುತ್ತೇನೆ, ನನ್ನ ಸೂಟ್‌ಕೇಸು ಗಾಡಿಯಲ್ಲೇ ಉಳಿದಿತ್ತು.

ಮರುದಿನ ಸ್ಟೇಷನ್ನಿಗೆ ಹೋದೆ. ಯಾರೋ ಪುಣ್ಯಾತ್ಮರು ತಂದುಕೊಟ್ಟಿದ್ದರು. ಅಲ್ಲಿದ್ದ ಅಧಿಕಾರಿ ವಯಸ್ಸಾದವರು, ಒಳ್ಳೆಯವರು. "ಒಳಗೆ ಏನೇನಿದೆ ಹೇಳಿ, ಗುರುತು ಸರಿಯಾದ್ರೆ ತಗೊಂಡ್ಹೋಗಿ" ಅಂದರು.

ನನ್ನ ಸೂಟ್‌ಕೇಸಿನಲ್ಲಿ ಏನಿತ್ತೋ ನೆನಪಿಗೇ ಬರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅವಳ ಬ್ಯಾಗಿನದು. "ಒಂದು ನೇರಳೆ ರೇಷ್ಮೆ ಸೀರೆ ಸಾರ್, ಊರಿಗೆ ಬರೋ ದಿನ ಉಡೋಕೆ ಅಂತ ಇಟ್ಟಿದ್ದು, ಮಡಿಕೆ ಬಿಚ್ಚಿಲ್ಲ. ನೂಲಿನ ಸೀರೆ ಎರಡು. ಒಂದು ಬಾಚಣಿಗೆ, ಕೂದಲು ಉದುರಿದ ಮೇಲೂ ಇಟ್ಕೊಂಡಿದ್ದು..."

ಅವರು ಬರೆದುಕೊಂಡು ಸೂಟ್‌ಕೇಸು ತೆರೆದರು. ಎರಡು ಶರಟು, ಒಂದು ಲುಂಗಿ, ಶೇವಿಂಗ್ ಸೆಟ್ಟು. ಪಕ್ಕದಲ್ಲಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಅಧಿಕಾರಿಗಳು ಅವನನ್ನು ಗದರಿಸಿ, ನನ್ನ ಕಡೆ ತಿರುಗಿ ಸಮಾಧಾನವಾಗಿ ಹೇಳಿದರು: "ಇದರಲ್ಲಿ ನಾಚ್ಕೊಳೋದೇನಿಲ್ಲ ಬಿಡಿ. ಪೆಟ್ಟಿಗೆ ಒಳಗೆ ಏನಿದೆ ಅಂತ ಗಂಡಸರಿಗೆ ಎಲ್ಲಿ ಗೊತ್ತಿರುತ್ತೆ? ನಾಳೆ ನಿಮ್ಮ ಮನೆಯವರನ್ನ ಕಳಿಸಿ. ಅವರಾದ್ರೆ ಸರಿಯಾಗಿ ಹೇಳ್ತಾರೆ."

"ಆಗಲಿ ಸಾರ್" ಎಂದು ಬರಿಗೈಯಲ್ಲಿ ಬಂದೆ. ಅವರ ಮಾತು ನನಗೂ ಸರಿಯೆನಿಸಿತ್ತು. ಮನೆ ಬೀಗ ತೆಗೆದು, ಚಪ್ಪಲಿ ಬಿಟ್ಟು, ಅಡುಗೆಮನೆ ಕಡೆ ತಿರುಗಿ ಕೂಗಿದೆ:

"ಲೇ, ನಾಳೆ ಸ್ಟೇಷನ್ನಿಗೆ ನೀನೇ ಹೋಗ್ಬೇಕಂತೆ ಕಣೆ."