ನಾಲ್ಕು ಅಡಿಯ ಹಟ

ಆರ್ಕಿಟೆಕ್ಟನ ಆ ದಿನ ಕೆಟ್ಟದ್ದು ಒಂದು ಹೊಗಳಿಕೆಯಿಂದ. ಬೆಳಿಗ್ಗೆ ಒಂಬತ್ತಕ್ಕೆ ಹೆಡ್‌ಮಿಸ್ ಫೋನ್ ಮಾಡಿದರು.

“ಕೊನೆಗೂ ನನ್ನ ಮಾತು ಕೇಳಿದೆಯಲ್ಲೋ! ಕಿಟಕಿಗಳು ಎಷ್ಟು ಎತ್ತರದಲ್ಲಿವೆ! ಇನ್ನು ಮಕ್ಕಳು ಬೋರ್ಡ್ ಬಿಟ್ಟು ಆಚೀಚೆ ನೋಡಲ್ಲ.”

ಅವನು ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದ.

ಹೆಡ್‌ಮಿಸ್ ಎರಡನೇ ತರಗತಿಯಲ್ಲಿ ಅವನಿಗೆ ಪಾಠ ಹೇಳಿದವರು. ಆ ತರಗತಿಯ ಕಿಟಕಿ ಎಷ್ಟು ಮೇಲಿತ್ತೆಂದರೆ ಇಡೀ ವರ್ಷ ಅವನಿಗೆ ಕಂಡದ್ದು ಅಂಗೈಯಗಲ ಆಕಾಶ, ಯಾವಾಗಲಾದರೊಮ್ಮೆ ಒಂದು ಕಾಗೆ. ಆ ಕಟ್ಟಡ ಕೆಡವಿ ಹೊಸ ಶಾಲೆಯನ್ನು ಪೂರ್ತಿ ಮರದಲ್ಲೇ ಕಟ್ಟುವ ಕೆಲಸ ಅವನಿಗೇ ಸಿಕ್ಕಿದಾಗ ಅವನು ಹಟ ಹಿಡಿದದ್ದು ಒಂದಕ್ಕೇ. ಕೂತ ಮಗುವಿಗೆ ಹೊರಗಿನದು ಕಾಣಬೇಕು. ಕಿಟಕಿ ನೆಲದಿಂದ ಎರಡೇ ಅಡಿಗೆ ಶುರುವಾಗಬೇಕು. ಹೆಡ್‌ಮಿಸ್ ಹಟ ನಾಲ್ಕು ಅಡಿ. ಎಂಟು ತಿಂಗಳ ಜಗ್ಗಾಟದ ನಂತರ ಸಮಿತಿಯಲ್ಲಿ ಅವನು ಒಂದು ಮತದಿಂದ ಗೆದ್ದಿದ್ದ.

ಈ ಗೋಡೆಗಳು ಇಟ್ಟಿಗೆಯಂತೆ ಏಳುವಂಥವಲ್ಲ. ಮರದ ಪದರಗಳನ್ನು ಅಡ್ಡ-ಉದ್ದ ಅಂಟಿಸಿ ಒತ್ತಿದ, ಆರು ಅಂಗುಲ ದಪ್ಪದ ಹಲಗೆಗಳು. ಕಾರ್ಖಾನೆಯಲ್ಲೇ ಕಿಟಕಿ ಕತ್ತರಿಸಿಕೊಂಡು ಲಾರಿಯಲ್ಲಿ ಬರುತ್ತವೆ, ಕ್ರೇನ್ ಎತ್ತಿ ನಿಲ್ಲಿಸುತ್ತದೆ. ಆಮೇಲೆ ಸುತ್ತಿಗೆ-ಉಳಿ ಹಿಡಿದು ಸರಿಮಾಡುತ್ತೇನೆ ಎಂದರೆ ಆಗದು.

ಅವನು ಓಡಿಬಂದಾಗ ಕಾಂಕ್ರೀಟ್ ಹಾಸಿನ ಮೇಲೆ ಹದಿನಾರು ಹಲಗೆಗಳೂ ಆಗಲೇ ನಿಂತಿದ್ದವು. ಟೇಪು ಹಿಡಿದ. ಕಿಟಕಿಯ ಕೆಳ ಅಂಚು ಸರಿಯಾಗಿ ನಾಲ್ಕು ಅಡಿಗಿತ್ತು.

“ಏನ್ ಮೇಸ್ತ್ರಿ ಇದು?”

“ಕಾರ್ಖಾನೆಯವ್ರು ಹಲಗೆ ಮೇಲೆ ಹಾಕಿರೋ ಬಾಣ ಮೇಲ್ಮುಖ ಇದೆಯಲ್ಲ ಸರ್. ನಂಬರೂ ಸರಿಯಾಗಿದೆ. ನಾವು ಬಾಣ ನೋಡಿ ನಿಲ್ಲಿಸ್ತೀವಿ, ಕಿಟಕಿ ನೋಡಿ ಅಲ್ಲ.”

ಎದುರು ಮನೆಯ ಮಹಡಿಯಿಂದ ಸೇತುವೆ ತಾತ ಬಗ್ಗಿದರು. ಸೇತುವೆ ಇಲಾಖೆಯಿಂದ ನಿವೃತ್ತರಾದ ಮೇಲೆ ಬೀದಿಯ ಕಾಮಗಾರಿಗಳೆಲ್ಲ ಅವರ ಸುಪರ್ದಿಯಲ್ಲೇ ನಡೆಯುತ್ತಿದ್ದವು.

“ಏನಪ್ಪಾ, ನಿನ್ನೆಯಿಂದ ನೋಡ್ತಾ ಇದೀನಿ. ಹಲಗೆ ಹನ್ನೆರಡು ಅಡಿ, ಕಿಟಕಿ ಆರು. ಕೆಳಗೆ ನಾಲ್ಕು ಬಿಟ್ಟವ್ರೆ, ಮೇಲೆ ಎರಡು. ತಲೆಕೆಳಗಾಗಿ ನಿಲ್ಲಿಸವ್ರೆ, ಅಷ್ಟೇ! ತಿರುಗಿಸಿದ್ರೆ ನಿನ್ನ ಎರಡು ಅಡಿ ಬಂತಲ್ಲ?”

ಲೆಕ್ಕ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಆರ್ಕಿಟೆಕ್ಟನಿಗೆ ತಾತನ ಕಾಲಿಗೆ ಬೀಳಬೇಕೆನಿಸಿತು.

“ಬಿಚ್ಚಿ. ಎಲ್ಲಾ ತಿರುಗಿಸಿ.”

“ನಕ್ಷೆ ಒಂದ್ಸಲ ನೋಡಿಬಿಡಿ ಸರ್,” ಎಂದ ಮೇಸ್ತ್ರಿ.

“ನಕ್ಷೆ ಬರೆದೋನು ನಾನು ಕಣ್ರೀ! ನನಗೇ ತೋರಿಸ್ತೀರಾ?”

ಹೆಡ್‌ಮಿಸ್ ಧಾವಿಸಿ ಬಂದರು. “ಚೆನ್ನಾಗಿರೋದನ್ನ ಯಾಕೋ ಕೆಡಿಸ್ತೀಯ?”

“ಟೀಚರ್, ದಯವಿಟ್ಟು ಸುಮ್ಮನಿರಿ. ಸಮಿತಿ ಒಪ್ಪಿರೋದು ಎರಡು ಅಡಿ.”

“ಆಗಲೂ ಹೀಗೇ ಇದ್ದೆ ನೀನು. ಮಗ್ಗಿ ಹೇಳು ಅಂದ್ರೆ ಕಾಗೆ ಎಣಿಸ್ತಿದ್ದೆ.”

ಒಂದೊಂದು ಹಲಗೆಗೆ ಗೇಣುದ್ದದ ನಲವತ್ತು ಸ್ಕ್ರೂ. ಬಿಚ್ಚುವಾಗ ಅವು ಬೆಕ್ಕಿನ ಬಾಲ ತುಳಿದಂತೆ ಕಿರುಚಿದವು. ಗಾಳಿಯಲ್ಲಿ ತಿರುಗಿದ ಎರಡನೇ ಹಲಗೆ ಕಾಂಪೌಂಡಿನ ಮೂಲೆ ಕೆಡವಿತು, ತಾತ ಮೇಲಿನಿಂದ “ಎಡಕ್ಕೆ! ಎಡಕ್ಕೆ!” ಎಂದು ಕೂಗಿದ್ದು ತಮ್ಮ ಎಡಕ್ಕೆ. ಮೂರನೆಯದು ಹೆಡ್‌ಮಿಸ್ಸರ ಕೊಡೆಯನ್ನು ಹಪ್ಪಳ ಮಾಡಿತು. ಕ್ರೇನ್ ಇದ್ದದ್ದು ಸಂಜೆ ಐದರವರೆಗೆ ಮಾತ್ರ. ಐದಕ್ಕೆ ಹತ್ತು ನಿಮಿಷವಿದ್ದಾಗ ಹದಿನಾರನೆಯ ಹಲಗೆಯೂ ತಲೆಕೆಳಗಾಗಿ ನಿಂತಿತು. ಆರ್ಕಿಟೆಕ್ಟ್ ಹಾಸಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹೊರಗೆ ನೋಡಿದ. ರಸ್ತೆ, ಸೈಕಲ್ಲು, ಎಲೆ ಉದುರುತ್ತಿದ್ದ ಮರ. ಅವನ ಕಣ್ಣು ತುಂಬಿತು.

ಕ್ರೇನ್ ತಿರುವು ದಾಟಿ ಮರೆಯಾಯಿತು. ಅದರ ಹಿಂದೆಯೇ ಇನ್ನೊಂದು ಲಾರಿ ಬಂದು ನಿಂತಿತು.

“ಸರ್,” ಮೇಸ್ತ್ರಿ ಮೆಲ್ಲಗೆ ಕೇಳಿದ, “ನೆಲದ ತೊಲೆ ಬಂದಿವೆ. ಎಲ್ಲಿ ಇಳಿಸೋದು?”

“ಯಾವ ನೆಲ?”

ಮೇಸ್ತ್ರಿ ನಕ್ಷೆ ಬಿಡಿಸಿದ. ಅಂಚಿನಲ್ಲಿ ಆರ್ಕಿಟೆಕ್ಟನದೇ ದುಂಡು ಅಕ್ಷರ: ಮರಕ್ಕೆ ತೇವ ತಾಗದಂತೆ, ಗಾಳಿಯಾಡಲು, ಮರದ ನೆಲವನ್ನು ಕಾಂಕ್ರೀಟಿನಿಂದ ಎರಡು ಅಡಿ ಎತ್ತರಿಸುವುದು.

ಬೆಳಿಗ್ಗೆ ಹಾಸಿನಿಂದ ನಾಲ್ಕು ಅಡಿಗಿದ್ದ ಕಿಟಕಿ, ನೆಲ ಬಂದ ಮೇಲೆ ಸರಿಯಾಗಿ ಎರಡು ಅಡಿಗೆ ಇಳಿಯುತ್ತಿತ್ತು. ಈಗ ತಿರುಗಿಸಿದ ಕಿಟಕಿ ಮಕ್ಕಳ ಪಾದದ ಬಳಿಯೇ ಶುರು.

“ಇನ್ನೊಂದ್ಸಲ ತಿರುಗಿಸಿದ್ರೆ?” ಧ್ವನಿ ಅವನಿಗೇ ಕೇಳಿಸಲಿಲ್ಲ.

“ಅಂಚೆಲ್ಲಾ ತೂತು ಬಿದ್ದು ಜರಡಿ ಆಗಿದೆ ಸರ್. ಮತ್ತೆ ಬಿಚ್ಚಿದ್ರೆ ಸ್ಕ್ರೂ ಹಿಡಿಯಲ್ಲ.”

ಮಹಡಿಯ ಮೇಲೆ ತಾತನ ಕಿಟಕಿ ಸದ್ದಿಲ್ಲದೆ ಮುಚ್ಚಿಕೊಂಡಿತು.

ಅವನ ಮುಖ ನೋಡಿ ಹೆಡ್‌ಮಿಸ್‌ಗೂ ಪಾಪ ಅನ್ನಿಸಿತು. ಭುಜದ ಮೇಲೆ ಕೈಯಿಟ್ಟರು. “ಹೋಗ್ಲಿ ಬಿಡೋ. ಆದ್ರೆ ಕಾಲ ಹತ್ರ ಗಾಜಿದ್ರೆ ಮಕ್ಕಳು ಒದ್ದು ಒಡೀತಾರೆ. ಕಿಟಕಿಗೆ ಅಡ್ಡ ಉದ್ದಕ್ಕೂ ಒಂದು ಪುಸ್ತಕದ ಕಪಾಟು ಮಾಡಿಸಿಬಿಡು.”

“ಎಷ್ಟು ಎತ್ತರ ಟೀಚರ್?”

ಅವರು ಅಂಗೈಯನ್ನು ತಲೆಗಿಂತ ಮೇಲೆ ಗಾಳಿಯಲ್ಲಿ ಅಡ್ಡ ಹಿಡಿದು ಯೋಚಿಸಿದರು. “ಇಷ್ಟಿದ್ರೆ ಸಾಕು.”

ಅವನು ಮರದ ನೆಲ ಬರಬೇಕಾದ ಮಟ್ಟದಿಂದ ಟೇಪು ಹಿಡಿದ. ಸರಿಯಾಗಿ ನಾಲ್ಕು ಅಡಿ.