ಸಾಹುಕಾರರ ಬಾಯಿಗೊಂದು ಪಹಣಿ

ನೋಂದಣಿಗೆ ಸಾವಿರದ ಎಂಟುನೂರ ಐವತ್ತು. ಹೊಸ ಇಮೇಲ್ ಮಾಡಿಕೊಟ್ಟದ್ದಕ್ಕೆ ಐವತ್ತು. ಜೆರಾಕ್ಸಿಗೆ ನಲವತ್ತು. ಇಷ್ಟೂ ಕೆಲಸ ಮಾಡಿದ ಸೈಬರ್ ಅಂಗಡಿಯ ಗಂಗಾಧರನಿಗೆ ಟೀ, ಮಸಾಲೆ ವಡೆ ನೂರಾ ಹತ್ತು. ಒಟ್ಟು ಎರಡು ಸಾವಿರದ ಐವತ್ತು ರೂಪಾಯಿ ಖರ್ಚು ಮಾಡಿ ಕದಿರೇಶ ಒಂದು ಮೀಮಿನ ಮಾಲೀಕನಾದ.

ಮೀಮಿನಲ್ಲಿದ್ದದ್ದು ಶ್ರೀನಿವಾಸಪುರದ ಮಾವಿನ ಮಂಡಿಯ ಸಾಹುಕಾರ ಮುನಿಕೃಷ್ಣಪ್ಪನವರ ಬಾಯಿ. ಮಧ್ಯಾಹ್ನ ಉಂಡು ತೋತಾಪುರಿ ರಾಶಿಗೆ ಒರಗಿ ನಿದ್ದೆ ಹೋದಾಗ ಅದು ಲಾರಿಯ ಹಿಂಬಾಗಿಲಿನ ಹಾಗೆ ತೆರೆದುಕೊಂಡಿತ್ತು. ಅಲ್ಲೇ ತೂಕ ಬರೆಯುತ್ತಿದ್ದ ಕದಿರೇಶ ಫೋಟೊ ಹೊಡೆದು, ಕೆಳಗೆ ‘ಅನ್‌ಲೋಡಿಂಗ್ ನಡೆಯುತ್ತಿದೆ’ ಎಂದು ಬರೆದು, ಹೆಸರು ಹಾಕದೆ ಹರಿಬಿಟ್ಟಿದ್ದ. ಮುಳಬಾಗಿಲಿನಿಂದ ಮಾಲೂರಿನವರೆಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಡಿದವನು ಸಿಕ್ಕರೆ ಬಿಸಿಲಲ್ಲಿ ಮೂಟೆ ಹೊರಿಸುತ್ತೇನೆಂದು ಸಾಹುಕಾರರು ಗುಡುಗಿದರು. ಫ್ಯಾನಿನ ಕೆಳಗಿನ ಕುರ್ಚಿ ಉಳಿಯಲೆಂದು ಕದಿರೇಶ ತೆಪ್ಪಗಿದ್ದ.

ಆದರೆ ಟೇಕಲ್ಲಿನ ಯಾವನೋ ಅದನ್ನು ತನ್ನದೆಂದು ಹಾಕಿಕೊಂಡು ದುಡ್ಡು ಮಾಡುತ್ತಿದ್ದಾನೆಂದು ತಿಳಿದಾಗ ಹೊಟ್ಟೆ ಉರಿಯಿತು. ಗಂಗಾಧರನ ಬಳಿ ಹೋದ.

“ಬ್ಲಾಕ್‌ಚೈನ್ ಅಂದ್ರೆ ಮೀಮಿಗೆ ಪಹಣಿ ಇದ್ದಂಗೆ ಕಣೋ,” ಎಂದ ಗಂಗಾಧರ. “ಸಾವಿರಾರು ಕಂಪ್ಯೂಟರಲ್ಲಿ ನೀನೇ ಮಾಲೀಕ ಅಂತ ಇರ್ತದೆ. ಯಾರು ಕೊಂಡ್ರೂ ದುಡ್ಡು ನಿಂಗೆ.”

ನೋಂದಣಿ ಪತ್ರ ಕೈಗೆ ಬಂದಾಗಲೇ ಕದಿರೇಶ ಬೆವೆತದ್ದು. ಸಾಹುಕಾರರ ಬಾಯಿಯ ಕೆಳಗೇ ಅವನ ಹೆಸರು, ತಂದೆಯ ಹೆಸರು, ಊರು.

“ಅಣ್ಣಾ, ಇದು ಎಲ್ಲಾರ್ಗೂ ಕಾಣ್ತದಾ?”

“ಕಾಣ್ದಿದ್ರೆ ಮಾಲೀಕ ಹೆಂಗಾಗ್ತೀಯ?”

“ಹಂಗಾದ್ರೆ ಅಳಿಸ್ಬಿಡು.”

“ಅಳ್ಸಕ್ಕಾಗಲ್ಲ. ಅದೇ ಅದ್ರ ಗಟ್ಟಿತನ. ಯಾರ್ಗಾದ್ರೂ ಮಾರು, ಮಾಲೀಕನ ಹೆಸ್ರು ಬದಲಾಗ್ತದೆ.”

ಕದಿರೇಶ ಮಂಡಿಗೆ ಓಡಿದ. ಹಮಾಲಿ ಅಂಜಿಗೆ ಹತ್ತು ರೂಪಾಯಿಗೆ ತಗುಲಿಸಿಬಿಡುವ ಎಣಿಕೆ. ಯಾರಿಗೂ ಗೊತ್ತಾಗಬಾರದೆಂದು ಮಂಡಿಯ ಪದ್ಧತಿಯಂತೆ ಕೈಮೇಲೆ ಟವೆಲ್ ಹೊದಿಸಿ, ಅದರಡಿ ಬೆಲೆ ತಿಳಿಸಲು ಅಂಜಿಯ ಬೆರಳು ಹಿಡಿದ.

ಅದೇ ಎಡವಟ್ಟಾಯಿತು. ಮಂಡಿಯಲ್ಲಿ ಟವೆಲ್ ಬಿಚ್ಚುವುದೂ ಒಂದೇ, ಬೆಲ್ಲದ ಅಚ್ಚು ಒಡೆಯುವುದೂ ಒಂದೇ. ಯಾರದೋ ತೋಟದ ಬಾದಾಮಿ ಮಾವು ಗುಟ್ಟಾಗಿ ಕೈ ಬದಲಾಯಿಸುತ್ತಿದೆಯೆಂದು ವ್ಯಾಪಾರಿಗಳು ನೊಣಗಳಂತೆ ಮುತ್ತಿಕೊಂಡರು. ಒಂದು ಕೈ ಬಂದು ಐನೂರು ಎಂದು ಬೆರಳು ಒತ್ತಿತು, ಇನ್ನೊಂದು ಎರಡು ಸಾವಿರ. ಆರು ಜನ ಹಿಡಿದ ಕೈಯನ್ನು ಏಳನೆಯವನು ಸರಕೇನೆಂದು ಕೇಳಿ ಹಿಡಿಯುವುದಿಲ್ಲ. ಕದಿರೇಶ ಕೈ ಹಿಂದಕ್ಕೆಳೆದಷ್ಟೂ ಬೆಲೆ ಏರಿತು. ಕೊನೆಗೆ ದಪ್ಪನೆಯ ಕೈಯೊಂದು ನುಗ್ಗಿ ಆರು ಸಾವಿರಕ್ಕೆ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು. ವ್ಯಾಪಾರ ಮುಗಿಯಿತು.

ಆ ಕೈಯ ಹವಳದುಂಗುರ ತಾಕಿದಾಗ ಕದಿರೇಶ ತಲೆ ಎತ್ತಿದ.

“ಏಮ್ರಾ ಕದಿರೇಶ, ಮಾಲೆಲ್ಲಿ?” ಎಂದರು ಮುನಿಕೃಷ್ಣಪ್ಪ.

ಅವನು ಫೋನಿನಲ್ಲಿ ಪತ್ರ ತೆರೆದು ಚಾಚಿದ. ಸಾಹುಕಾರರು ಮೊದಲು ತಮ್ಮ ಬಾಯಿ ನೋಡಿದರು, ಆಮೇಲೆ ಅವನ ಹೆಸರು ಓದಿದರು. ಗೋಡೆಯ ಮೇಲೆ ಅವರೇ ಬರೆಸಿದ್ದ ಬೋರ್ಡಿತ್ತು: ‘ಟವೆಲಿನಡಿ ಕೊಟ್ಟ ಮಾತಿಗೆ ತಪ್ಪಿದವರಿಗೆ ಮಂಡಿಯಲ್ಲಿ ಜಾಗವಿಲ್ಲ.’ ಸುತ್ತ ನಿಂತವರು ಅದನ್ನೇ ನೋಡುತ್ತಿದ್ದರು.

“ಕೊಟ್ಟೇ ಕೊಡ್ತೀನಿ,” ಎಂದು ಸಾಹುಕಾರರು ಗಲ್ಲಾಪೆಟ್ಟಿಗೆಯ ಮುಂದೆ ಕೂತರು. “ಮಂಡಿ ಕಮಿಷನ್ ಆರ್ನೂರು. ಫೋಟೊ ಹೊಡೆದಿದ್ದು ಡ್ಯೂಟಿ ಟೈಮಲ್ಲಿ, ಅರ್ಧ ದಿನದ ಕೂಲಿ ಮುನ್ನೂರೈವತ್ತು. ಇನ್ನು ನನ್ ಬಾಯಿ ಬಾಡಿಗೆ, ಮೂರು ಸಾವಿರ.”

ಉಳಿದ ಎರಡು ಸಾವಿರದ ಐವತ್ತನ್ನು ಎಣಿಸಿ ಕೊಟ್ಟರು. ಹಾಕಿದ ದುಡ್ಡಾದರೂ ಬಂತಲ್ಲ ಎಂದು ಕದಿರೇಶ ಉಸಿರು ಬಿಡುವಷ್ಟರಲ್ಲಿ ಸುದ್ದಿ ತಿಳಿದ ಗಂಗಾಧರ ಬಂದು ಮಾಲೀಕತ್ವ ಬದಲಾವಣೆಯ ಶುಲ್ಕ ಇನ್ನೂರು ಕೇಳಿದ. ಅದು ಮಾರಿದವನೇ ಕೊಡಬೇಕಂತೆ.

ಈಗ ಆ ಮೀಮು ಯಾರ ಫೋನಿಗೆ ಹೋದರೂ ಹಕ್ಕು ಸಾಹುಕಾರರದ್ದು. ಫ್ಯಾನಿನ ಕೆಳಗಿನ ಕುರ್ಚಿ ಅಂಜಿಯದ್ದು. ಕದಿರೇಶನಿಗೆ ಇನ್ನೂರು ರೂಪಾಯಿ ನಷ್ಟ, ಮೇಲೆ ದಿನಕ್ಕೆ ನಲವತ್ತು ಮೂಟೆ.